ಸೂಟೆ ಹಿಡಿದವ ಓಡಿಹೋದ ಮೇಲೆ

ಕಳೆದ ವರ್ಷ ಆಟಿ ತಿಂಗಳ ಒಂದು ಭಾನುವಾರ ಮಧ್ಯಾಹ್ನ ನಾವು ಐದು ಜನ ಬದಿಯಡ್ಕದ ಹತ್ತಿರ ನಮ್ಮ ಮನೆಯ ಜಗಲಿಯಲ್ಲಿ ಕೂತಿದ್ದೆವು. ಹೊರಗೆ ಧೋ ಅಂತ ಮಳೆ. ಕರೆಂಟು ಬೆಳಿಗ್ಗೆಯೇ ಹೋಗಿತ್ತು. ನಡುವೆ ಹಲಸಿನ ಹಪ್ಪಳದ ತಟ್ಟೆ, ನಾಲ್ಕೈದು ದಾಳ, ಚೌಕಳಿ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದ ಒಂದು ಪಾಳು ಕೋಟೆಯ ನಕ್ಷೆ. ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅದೂ 1981ರ ಹಳೇ ಬೇಸಿಕ್ ನಿಯಮದ್ದು. ನಾನು ಡಿಎಂ, ಅಂದರೆ ಕಥೆ ನಡೆಸುವವ. ಕೋಟೆಯ ನೆಲಮಾಳಿಗೆಗೆ ಇಳಿಯುವ ಮೊದಲು ನನ್ನ ಭಾವನ ಮಂತ್ರವಾದಿ ಊರಿನಿಂದ ಚಂದು ಅಂತ ಒಬ್ಬನನ್ನು ದಿನಗೂಲಿಗೆ ಕರೆದುಕೊಂಡಿದ್ದ. ಕೆಲಸ ಇಷ್ಟೇ, ಪಂಜು ಹಿಡಿದು ಜೊತೆಗೆ ನಡೆಯುವುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸೂಟೆ ಹಿಡಿಯುವುದು.

ಮೂರನೇ ಕೋಣೆಯಲ್ಲಿ ಕುಳ್ಳ ರಾಕ್ಷಸರಂಥ ಗಾಬ್ಲಿನ್‌ಗಳು ಬಾಣ ಬಿಟ್ಟವು. ಕುಂಬಳೆಯ ಗೆಳೆಯನ ಯೋಧ ಸತ್ತು ಬಿದ್ದ. ಆಗ ನಾನು ಚಂದುವಿನ ಪರವಾಗಿ ಎರಡು ದಾಳ ಹಾಕಿದೆ. ಅವನ ಧೈರ್ಯದ ಅಂಕ 7. ಬಿದ್ದದ್ದು 9. ಚಂದು ಸೂಟೆಯನ್ನು ಅಲ್ಲೇ ಕೆಸರಿಗೆ ಬಿಸಾಡಿ ಮೆಟ್ಟಿಲು ಹತ್ತಿ ಓಡಿದ. ಪೂರ್ತಿ ಕತ್ತಲೆ. ಗಾಬ್ಲಿನ್‌ಗಳಿಗೆ ಕತ್ತಲೆಯಲ್ಲಿ ಕಣ್ಣು ಕಾಣುತ್ತದೆ, ನಮ್ಮವರಿಗೆ ಕಾಣುವುದಿಲ್ಲ.

ಭಾವನಿಗೆ ಸಿಟ್ಟು ಬಂತು. "ಅವನಿಗೆ ಸಂಬಳ ಕೊಟ್ಟಿದ್ದೇನಲ್ಲ ಮಾರಾಯ, ಹೇಗೆ ಓಡುತ್ತಾನೆ ಅವ?"

ಚಾಯ ತಂದ ಅಮ್ಮ ಕೇಳಿದರು: "ಎಷ್ಟು ಕೊಟ್ಟದ್ದು?"

ಆ ಒಂದು ಪ್ರಶ್ನೆಯಲ್ಲಿ ಇಡೀ ವಿಷಯ ಉಂಟು. ಇಂಥ ಆಟಗಳಲ್ಲಿ ಆಳುಗಳನ್ನು, ಸಹಾಯಕರನ್ನು, ಹಿಂಬಾಲಕರನ್ನು ಇಟ್ಟುಕೊಳ್ಳುವ ನಿಯಮಗಳು ಹೊಸಬರಿಗೆ ತಲೆಬುಡ ಅರ್ಥವಾಗುವುದಿಲ್ಲ, ಯಾಕೆಂದರೆ ಅವರು ಆಳನ್ನು ಹಗ್ಗ, ಏಣಿ, ಚೀಲಗಳ ಪಟ್ಟಿಯಲ್ಲಿ ಹುಡುಕುತ್ತಾರೆ: ಬೆಲೆ ಇಷ್ಟು, ಕೊಟ್ಟರೆ ನನ್ನದು. ನಿಯಮ ಬರೆದವರು ಹಾಗೆ ಯೋಚಿಸಿರಲಿಲ್ಲ. ಅವರ ಪ್ರಕಾರ ಆಳು ಅಂದರೆ ಬೇಡ ಅನ್ನಿಸಿದರೆ ಎದ್ದು ಹೋಗುವ ಮನುಷ್ಯ. ಅಡಿಕೆ ತೋಟ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಆದರೂ ಉಳಿದವರಿಗಾಗಿ ಬರೆಯುತ್ತೇನೆ.

ಈ ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಪ್ರತಿ ಆಟಗಾರನಿಗೂ ಒಂದು ಪಾತ್ರ ಇರುತ್ತದೆ, ಯೋಧನೋ ಕಳ್ಳನೋ ಮಂತ್ರವಾದಿಯೋ. ಪಾತ್ರ ಏನು ಮಾಡುತ್ತದೆ ಅಂತ ಬಾಯಲ್ಲಿ ಹೇಳುತ್ತಾರೆ, ಆಮೇಲೆ ಏನಾಯಿತು ಅಂತ ಡಿಎಂ ಹೇಳುತ್ತಾನೆ, ಅನುಮಾನ ಬಂದಲ್ಲಿ ದಾಳ ಹೇಳುತ್ತದೆ. ಆಟಗಾರರ ಕೈಯಲ್ಲಿ ಇಲ್ಲದ ಪಾತ್ರಗಳೆಲ್ಲ ಡಿಎಂನವು. ನಮ್ಮ ಯಕ್ಷಗಾನದಲ್ಲಿ ಭಾಗವತರೇ ಉಳಿದ ಎಲ್ಲಾ ವೇಷವನ್ನೂ ತಾವೇ ಹಾಕಿದ ಹಾಗೆ ಅಂದುಕೊಳ್ಳಿ. ಚಂದು ಅಂಥ ಒಂದು ಪಾತ್ರ.

ಈಗ ಆಳುಗಳ ಬಗೆ. ಎಲ್ಲರನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಅರ್ಧ ಗೊಂದಲ.

ಮೊದಲನೆಯವರು ಕೂಲಿಯವರು, ಹೈರ್ಲಿಂಗ್ ಅಂತ ಕರೆಯುತ್ತಾರೆ. ಪಂಜು ಹಿಡಿಯುವವ, ಹೊರೆ ಹೊರುವವ, ಹೇಸರಗತ್ತೆ ನೋಡಿಕೊಳ್ಳುವವ. ಇವರಿಗೆ ಸಂಬಳ ಮಾತ್ರ, ನಿಧಿ ಸಿಕ್ಕಿದರೆ ಅದರಲ್ಲಿ ಪಾಲಿಲ್ಲ. ಕತ್ತಿ ಹಿಡಿದು ಮುಂದೆ ಹೋಗು ಅಂದರೆ ಹೋಗುವವರಲ್ಲ, ಹೋಗಬೇಕಾಗಿಯೂ ಇಲ್ಲ. ಸುಮ್ನೆ ಪಂಜು ಹಿಡಿಯುವವ ಅಂತ ಹಗುರ ಮಾಡಬೇಡಿ. ಆ ಹಳೇ ನಿಯಮದಲ್ಲಿ ಒಂದು ಪಂಜು ಆರು ಸರದಿ ಉರಿಯುತ್ತದೆ, ಸರದಿಗೆ ಹತ್ತು ನಿಮಿಷ, ಅಂದರೆ ಒಂದು ಗಂಟೆ. ಬೆಳಕು 30 ಅಡಿ. ಪಂಜು ಹಿಡಿದ ಕೈಯಲ್ಲಿ ಗುರಾಣಿ ಹಿಡಿಯಲಾಗುವುದಿಲ್ಲ, ಬಿಲ್ಲು ಎಳೆಯಲಾಗುವುದಿಲ್ಲ. ಹಾಗಾಗಿ ಬೆಳಕು ಹಿಡಿಯಲು ಬೇರೆ ಒಂದು ಜೊತೆ ಕೈ ಬೇಕೇ ಬೇಕು. ಆ ಕೈಗಳು ಓಡಿಹೋದರೆ ಏನಾಗುತ್ತದೆ ಅಂತ ನಮ್ಮ ಭಾವನನ್ನು ಕೇಳಿ.

ಎರಡನೆಯವರು ರಿಟೇನರ್‌ಗಳು. ಕೆಲವು ಪುಸ್ತಕಗಳಲ್ಲಿ ಹೆಂಚ್‌ಮನ್ ಅಂತ ಇದೆ. ಇವರು ಕೂಲಿಯವರಲ್ಲ, ಜೊತೆಗಾರರು. ಇವರೂ ಯೋಧರೋ ಕಳ್ಳರೋ ಆಗಿರುತ್ತಾರೆ, ನಿಮ್ಮ ಜೊತೆ ನಿಂತು ಹೊಡೆದಾಡುತ್ತಾರೆ, ಅನುಭವ ಗಳಿಸಿ ಮೇಲೇರುತ್ತಾರೆ, ಆದರೆ ನಿಮ್ಮ ಮಟ್ಟಕ್ಕಿಂತ ಮೇಲಿನವ ನಿಮ್ಮ ಕೈಕೆಳಗೆ ಬರುವುದಿಲ್ಲ. ಇವರಿಗೆ ನಿಧಿಯಲ್ಲಿ ಪಾಲು ಕೊಡಬೇಕು, ಸಾಮಾನ್ಯ ಲೆಕ್ಕ ಅರ್ಧ ಪಾಲು. ನಾಲ್ಕು ಆಟಗಾರರು, ಇಬ್ಬರು ರಿಟೇನರ್, ಸಿಕ್ಕಿದ್ದು 1,000 ಚಿನ್ನದ ನಾಣ್ಯ ಅಂತಿಟ್ಟುಕೊಳ್ಳಿ. ನಾಲ್ಕು ಪೂರ್ತಿ ಪಾಲು, ಎರಡು ಅರ್ಧ, ಒಟ್ಟು ಐದು. ಆಟಗಾರರಿಗೆ ತಲಾ 200, ರಿಟೇನರ್‌ಗೆ ತಲಾ 100. ಹೊಸಬರು ಇಲ್ಲೇ ಮುಖ ಸಿಂಡರಿಸುತ್ತಾರೆ. ಆದರೆ ಆ ಇಬ್ಬರು ಇಲ್ಲದಿದ್ದರೆ ಆ 1,000 ಸಿಗುತ್ತಿತ್ತೇ ಅಂತ ಯೋಚನೆ ಮಾಡುವುದು ಕಡಿಮೆ.

ಮತ್ತೆ ಬಾಡಿಗೆ ಸೈನಿಕರು ಮತ್ತು ಪರಿಣತರು. ಸೈನಿಕರು ಬಯಲಿನ ಯುದ್ಧಕ್ಕೆ, ಕೋಟೆ ಕಾಯಲಿಕ್ಕೆ, ನೆಲಮಾಳಿಗೆಗೆ ಇಳಿಯುವುದಿಲ್ಲ. ಪರಿಣತರ ಸಂಬಳ ನೋಡಿದರೆ ನಗು ಬರುತ್ತದೆ. 1981ರ ಎಕ್ಸ್‌ಪರ್ಟ್ ನಿಯಮದಲ್ಲಿ, ಅಂದರೆ ಬೇಸಿಕ್‌ನ ಮುಂದಿನ ಭಾಗದಲ್ಲಿ, ದೋಣಿಯ ಹುಟ್ಟು ಹಾಕುವವನಿಗೆ ತಿಂಗಳಿಗೆ 2 ಚಿನ್ನದ ನಾಣ್ಯ, ಹಡಗಿನ ಆಳಿಗೆ 10, ಮದ್ದು ಮಾಡುವ ಆಲ್ಕೆಮಿಸ್ಟ್‌ಗೆ 1,000, ಎಲ್ಲಾ ಬಲ್ಲ ಪಂಡಿತನಿಗೆ 2,000. ಪಂಡಿತರಿಗೆ ಇಷ್ಟು ಸಂಬಳ ಕೊಡುವ ಊರು ಕಲ್ಪನೆಯಲ್ಲಿ ಮಾತ್ರ ಇರಲು ಸಾಧ್ಯ.

ಕೊನೆಯವರು ಫಾಲೋವರ್‌ಗಳು, ಹಿಂಬಾಲಕರು. ಇವರನ್ನು ನೀವು ಹುಡುಕಿಕೊಂಡು ಹೋಗುವುದಲ್ಲ, ನಿಮ್ಮ ಹೆಸರು ಕೇಳಿ ಅವರೇ ಬರುವುದು. ಅದರ ಬಗ್ಗೆ ಆಮೇಲೆ.

ಇನ್ನು ಜನ ಸಿಗುವುದು ಹೇಗೆ? ಈ ಆಟದ ಅಡ್ವಾನ್ಸ್‌ಡ್ ಅನ್ನುವ ದೊಡ್ಡ ನಿಯಮಗಳಿಗೆ ಬಂದ 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ನಾಲ್ಕು ದಾರಿ ಹೇಳಿದ್ದಾರೆ: ಚೀಟಿ ಅಂಟಿಸುವುದು, ಡಂಗುರ ಹೊಡೆಸುವುದು, ದಲ್ಲಾಳಿ ಇಡುವುದು, ಹೆಂಡದಂಗಡಿ ಸುತ್ತುವುದು. ಪ್ರತಿಯೊಂದಕ್ಕೂ ಬೇರೆ ಖರ್ಚು, ಬೇರೆ ಫಲ. ಜನ ಸಿಕ್ಕಿದ ಮೇಲೆ ಮಾತುಕತೆ. ಬೇಸಿಕ್ ನಿಯಮದಲ್ಲಿ ನೀವು ಸಂಬಳ, ಪಾಲು, ಕೆಲಸ ಎಲ್ಲಾ ಹೇಳಿದ ಮೇಲೆ ಡಿಎಂ ಎರಡು ದಾಳ ಹಾಕುತ್ತಾನೆ. 2 ಬಿದ್ದರೆ ಆತ ಬೈದು ಕಳಿಸುತ್ತಾನೆ. 3ರಿಂದ 5 ಆದರೆ ಒಲ್ಲೆ ಅನ್ನುತ್ತಾನೆ. 9ರಿಂದ 11 ಆದರೆ ಒಪ್ಪುತ್ತಾನೆ, 12 ಬಿದ್ದರೆ ಖುಷಿಯಿಂದ ಬರುತ್ತಾನೆ, ಅವನ ಧೈರ್ಯಕ್ಕೂ ಒಂದು ಅಂಕ ಜಾಸ್ತಿ.

ಮಧ್ಯದ 6, 7, 8 ಬಿದ್ದರೆ? ಇನ್ನೊಮ್ಮೆ ದಾಳ ಹಾಕಬೇಕು, ಅಂದರೆ ಅವ ಇನ್ನೂ ತೀರ್ಮಾನ ಮಾಡಿಲ್ಲ. ಎರಡು ದಾಳ ಹಾಕಿದರೆ 36 ಸಾಧ್ಯತೆಗಳಲ್ಲಿ 16 ಇದೇ ಬೀಳುತ್ತದೆ, ನೂರಕ್ಕೆ 44 ಸಲ. ಎಲ್ಲಕ್ಕಿಂತ ಜಾಸ್ತಿ ಬರುವ ಉತ್ತರ "ನೋಡುವ" ಅನ್ನುವುದು. ಮಳೆಗಾಲದ ಮೊದಲು ಅಡಿಕೆಗೆ ಮದ್ದು ಬಿಡುವವರ ಮನೆಗೆ ಹೋಗಿ ಬಂದ ಯಾರಿಗೂ ಈ ಕೋಷ್ಟಕ ಬಾಯಿಪಾಠ ಬರುತ್ತದೆ.

ಇಲ್ಲಿ ಕರಿಸ್ಮಾ ಅನ್ನುವ ಅಂಕ ಬರುತ್ತದೆ. ಪ್ರತಿ ಪಾತ್ರಕ್ಕೂ ಬಲ, ಬುದ್ಧಿ ಮುಂತಾದವುಗಳ ಜೊತೆ 3ರಿಂದ 18ರ ನಡುವೆ ಒಂದು ಕರಿಸ್ಮಾ ಅಂಕ ಉಂಟು. ಈಗಿನವರು ಇದನ್ನು ಮಾತಿನಲ್ಲಿ ಮರುಳು ಮಾಡುವ ಶಕ್ತಿ ಅಂದುಕೊಳ್ಳುತ್ತಾರೆ. ಹುಟ್ಟಿದಾಗ ಅದರ ಮುಖ್ಯ ಕೆಲಸವೇ ಬೇರೆ. 1974ರಲ್ಲಿ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಮೂರು ಸಣ್ಣ ಪುಸ್ತಕಗಳ ಡಬ್ಬಿಯಾಗಿ ತಂದಾಗ, ಕರಿಸ್ಮಾ ಹೇಳುತ್ತಿದ್ದುದು ಮುಖ್ಯವಾಗಿ ನಿಮ್ಮ ಹಿಂದೆ ಎಷ್ಟು ಜನ ಬರುತ್ತಾರೆ, ಬಂದವರು ಎಷ್ಟು ನಿಷ್ಠೆಯಿಂದ ಇರುತ್ತಾರೆ ಅನ್ನುವುದನ್ನು. ಅಂಕ 3 ಅಥವಾ 4 ಇದ್ದರೆ ಒಬ್ಬ, 18 ಇದ್ದರೆ ಹನ್ನೆರಡು ಜನ. ಬೇಸಿಕ್‌ನಲ್ಲಿ ಅದನ್ನು ಏಳಕ್ಕೆ ಇಳಿಸಿದರು, ಅಡ್ವಾನ್ಸ್‌ಡ್ ನಿಯಮದಲ್ಲಿ ಹದಿನೈದಕ್ಕೆ ಏರಿಸಿದರು. ಇಂದು ಎಷ್ಟೋ ಜನ ಕರಿಸ್ಮಾ ಬೇಡದ ಅಂಕ ಅಂತ ಕಡಿಮೆ ಇಟ್ಟುಕೊಳ್ಳುತ್ತಾರಲ್ಲ, ಆಳುಗಳ ನಿಯಮ ಬಿಟ್ಟು ಆಡುವುದರಿಂದ ಆದ ಗತಿ ಅದು.

ಚಂದುವಿನ 7 ಬಂದದ್ದೂ ಅಲ್ಲಿಂದಲೇ. ಕರೆದುಕೊಂಡು ಹೋದವನ ಕರಿಸ್ಮಾ 9ರಿಂದ 12 ಇದ್ದರೆ ಆಳಿನ ಧೈರ್ಯ 7. ಭಾವನ ಮಂತ್ರವಾದಿಯದ್ದು 10. ಅಪಾಯ ಎದುರಾದಾಗ ಎರಡು ದಾಳ ಹಾಕಬೇಕು, ಧೈರ್ಯದ ಅಂಕಕ್ಕಿಂತ ಜಾಸ್ತಿ ಬಿದ್ದರೆ ಓಟ. 7 ಇರುವವ ನೂರರಲ್ಲಿ 42 ಸಲ ಓಡುತ್ತಾನೆ. ಕರಿಸ್ಮಾ 18 ಇರುವವನ ಆಳಿಗೆ ಧೈರ್ಯ 10, ಅವ ಓಡುವುದು ನೂರಕ್ಕೆ 8 ಸಲ. ಕರಿಸ್ಮಾ 3 ಇರುವವನ ಆಳು 83 ಸಲ ಓಡುತ್ತಾನೆ. ಗಮನಿಸಿ, ಇದು ಆಳಿನ ಗುಣ ಅಲ್ಲ. ಅದೇ ಚಂದು ಒಬ್ಬನ ಹಿಂದೆ ಹೋದರೆ ಹೇಡಿ, ಇನ್ನೊಬ್ಬನ ಹಿಂದೆ ಹೋದರೆ ಗಟ್ಟಿಗ. ನನಗೆ ಇಡೀ ನಿಯಮ ಪುಸ್ತಕದಲ್ಲಿ ಅತಿ ಇಷ್ಟವಾದ ಯೋಚನೆ ಇದು.

ಇದು ಹೊಟ್ಟೆಗೆ ಇಳಿದದ್ದು ಆಟದಿಂದಲ್ಲ. ನನಗೆ ಇಪ್ಪತ್ತೆರಡು ವರ್ಷ ಇದ್ದಾಗ ಒಂದು ಮಳೆಗಾಲ ಅಪ್ಪ ಊರಲ್ಲಿರಲಿಲ್ಲ, ಎರಡನೇ ಸಲದ ಮದ್ದು ಬಿಡಿಸುವ ಕೆಲಸ ನನ್ನ ತಲೆಗೆ ಬಂತು. ಕೊಳೆರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತು ಮತ್ತು ಸುಣ್ಣ ಕಲಸಿದ ನೀಲಿ ಮದ್ದು. ನಮ್ಮಲ್ಲಿಗೆ ಬರುತ್ತಿದ್ದವರು ವರ್ಷಗಳಿಂದ ಬರುತ್ತಿದ್ದವರೇ. ಕಾಲಿಗೆ ತಳೆ ಹಾಕಿ ಒಂದು ಮರ ಹತ್ತಿದರೆ ಇಳಿಯದೆಯೇ ತುದಿಯನ್ನು ಬಾಗಿಸಿ ಪಕ್ಕದ ಮರಕ್ಕೆ, ಅಲ್ಲಿಂದ ಇನ್ನೊಂದಕ್ಕೆ ದಾಟುವವರು. ಮೂರು ಗಂಟೆಗೆ ಜಿನುಗು ಮಳೆ ಶುರುವಾಯಿತು. ಕೆಳಗಿಳಿದು ಬಂದು, ಮರ ಜಾರುತ್ತದೆ, ಸಾಕು ಅಂದರು. ಇನ್ನು ಇಪ್ಪತ್ತೇ ಮರ ಉಳಿದಿತ್ತು. ನಾನು, "ಜಾಸ್ತಿ ಕೊಡುತ್ತೇನೆ, ಮುಗಿಸಿಬಿಡಿ" ಅಂದೆ. ಅವರು ಏನೂ ಹೇಳಲಿಲ್ಲ. ತಳೆ ಬಿಚ್ಚಿ ಹೆಗಲಿಗೆ ಹಾಕಿಕೊಂಡರು, ತೋಡಿನಲ್ಲಿ ಕಾಲು ತೊಳೆದರು, ಅಮ್ಮ ಕೊಟ್ಟ ಚಾಯ ಕುಡಿದರು, ಆ ದಿನದ ಸಂಬಳ ಎಣಿಸಿ ತೆಗೆದುಕೊಂಡು ಹೋದರು. ಮರುವರ್ಷ ಬರಲಿಲ್ಲ. ಅಪ್ಪ ಮೂರು ಸಲ ಅವರ ಮನೆಗೆ ಹೋಗಿ ಕೂತು ಮಾತಾಡಿ ಬರಬೇಕಾಯಿತು. ಮೂರೂ ಸಲ ಸಿಕ್ಕಿದ ಉತ್ತರ "ನೋಡುವ".

ಅಪ್ಪನ ಕರಿಸ್ಮಾ 16, ನನ್ನದು 7 ಅಂತ ಈಗ ಲೆಕ್ಕ ಹಾಕುತ್ತೇನೆ.

ಅಡ್ವಾನ್ಸ್‌ಡ್ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ನಿಷ್ಠೆಗೆ ಶೇಕಡಾ ಲೆಕ್ಕ, ಅದಕ್ಕೆ ಕೂಡಿಸುವ ಕಳೆಯುವ ಉದ್ದ ಪಟ್ಟಿ. ಎಷ್ಟು ವರ್ಷದಿಂದ ಜೊತೆಗಿದ್ದಾನೆ, ಸಂಬಳ ಸರಿಯಾಗಿ ಸಿಗುತ್ತದೋ ತಡವಾಗುತ್ತದೋ, ಯಜಮಾನ ಮನುಷ್ಯರ ಹಾಗೆ ನೋಡುತ್ತಾನೋ ಕ್ರೂರಿಯೋ, ಇಬ್ಬರ ಸ್ವಭಾವ ಹೊಂದುತ್ತದೋ ಇಲ್ಲವೋ. ಎಲ್ಲಾ ಕೂಡಿಸಿ ಕಳೆದು ಕೂರುವುದು ಬೇಸರದ ಕೆಲಸ, ನಿಜ ಹೇಳಬೇಕೆಂದರೆ ಆಟದ ಮಧ್ಯೆ ನಾನು ಅದನ್ನು ತೆರೆಯುವುದೇ ಇಲ್ಲ. ಆದರೆ ಒಮ್ಮೆ ಓದಿ ಇಟ್ಟುಕೊಂಡರೆ ಅಂದಾಜು ಬರುತ್ತದೆ. 2014ರ ಐದನೇ ಆವೃತ್ತಿಯಲ್ಲೂ ಬೇಕಾದವರಿಗೆ ಒಂದು ಸಣ್ಣ ನಿಷ್ಠೆಯ ನಿಯಮ ಇಟ್ಟಿದ್ದಾರೆ: ಗುಂಪಿನಲ್ಲಿ ಎಲ್ಲರಿಗಿಂತ ಜಾಸ್ತಿ ಕರಿಸ್ಮಾ ಯಾರದ್ದೋ ಅದು ಗರಿಷ್ಠ ನಿಷ್ಠೆ, ಶುರು ಅದರ ಅರ್ಧದಿಂದ, ಒಳ್ಳೆಯದು ಮಾಡಿದರೆ ಏರುತ್ತದೆ, ಕೆಟ್ಟದಾಗಿ ನಡೆಸಿಕೊಂಡರೆ ಇಳಿಯುತ್ತದೆ, ಸೊನ್ನೆಗೆ ಬಂದರೆ ಹೋದ.

ಆಟಗಾರರು ಮಾಡುವ ಒಂದು ಚಟ ಹೇಳಲೇಬೇಕು. ಬಾಗಿಲಲ್ಲಿ ಬಲೆ ಇರಬಹುದು ಅನ್ನಿಸಿದ ಕೂಡಲೇ, "ಮೊದಲು ಆಳನ್ನು ಕಳಿಸು." ಇದು ಹೊಸದಲ್ಲ. ಗೈಗಾಕ್ಸ್ ಬರೆದ ಸಾಹಸಗಳಲ್ಲಿ ಅತಿ ಕುಖ್ಯಾತವಾದ, ಬಲೆಗಳೇ ತುಂಬಿದ ಸಮಾಧಿಯನ್ನು ರಾಬ್ ಕುಂಟ್ಸ್ ಅನ್ನುವ ಗೆಳೆಯನ ಪಾತ್ರ ರಾಬಿಲಾರ್ ದಾಟಿದ್ದು ತನ್ನ ಓರ್ಕ್ ಅನ್ನುವ ರಾಕ್ಷಸ ಜಾತಿಯ ಹಿಂಬಾಲಕರನ್ನು ಮುಂದೆ ಮುಂದೆ ಕಳಿಸಿಯೇ. ಜಾಣತನ, ಸರಿ. ಆದರೆ ನಮ್ಮ ಕಡೆಯ ದೊಡ್ಡ ಮನೆಗಳ ಹಳೇ ಕಥೆ ಕೇಳಿ ಬೆಳೆದವರಿಗೆ ಅದನ್ನು ನೋಡಿ ಪೂರ್ತಿ ನಗು ಬರುವುದಿಲ್ಲ. ನನ್ನ ಮೇಜಿನಲ್ಲಿ ನಾನು ತಡೆಯುವುದಿಲ್ಲ. ಬದುಕಿ ಉಳಿದ ಇನ್ನೊಬ್ಬ ಆಳು ಊರಿಗೆ ಹೋಗಿ ಹೇಳುತ್ತಾನೆ, ಅಷ್ಟೇ. ಮುಂದಿನ ವಾರ ಹೆಂಡದಂಗಡಿಯಲ್ಲಿ ಇವರು ಕೂತ ಮೇಜಿನ ಹತ್ತಿರ ಯಾರೂ ಬರುವುದಿಲ್ಲ.

ಇಷ್ಟೊಂದು ಆಳುಗಳ ಲೆಕ್ಕ ಒಂದು ಸಾಹಸದ ಆಟಕ್ಕೆ ಯಾಕೆ ಬಂತು ಅಂತ ಕೇಳಬಹುದು. ಈ ಆಟದ ಬೇರು ಯುದ್ಧದ ಆಟದಲ್ಲಿ. 1971ರ ಚೈನ್‌ಮೇಲ್ ಅನ್ನುವುದು ಸಣ್ಣ ಗೊಂಬೆ ಸೈನಿಕರನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಆಡುವ ನಿಯಮ, ಅದರಲ್ಲಿ ಸೈನ್ಯ ಎದೆಗುಂದಿ ಓಡುವುದು ಸಾಮಾನ್ಯ ಸಂಗತಿ. ಅಲ್ಲಿ ಆಡುತ್ತಿದ್ದವರೇ ಇಲ್ಲಿಗೂ ಬಂದರು. ಹಾಗಾಗಿ ಅವರ ಕಣ್ಣಿಗೆ ಒಬ್ಬ ವೀರನ ಬದುಕು ಹೀಗೆ ಕಾಣುತ್ತಿತ್ತು: ಮೊದಲು ನಾಲ್ಕು ಕೂಲಿಯವರೊಂದಿಗೆ ನೆಲಮಾಳಿಗೆ, ಆಮೇಲೆ ಹಣ, ಆಮೇಲೆ ಭೂಮಿ, ಕೋಟೆ, ಸೈನ್ಯ. ಅಡ್ವಾನ್ಸ್‌ಡ್ ನಿಯಮದಲ್ಲಿ ಯೋಧ ಒಂಬತ್ತನೇ ಮಟ್ಟಕ್ಕೆ ಬಂದು ಸುತ್ತಲಿನ ಕಾಡು ಬಿಡಿಸಿ ಕೋಟೆ ಕಟ್ಟಿದರೆ ಶಸ್ತ್ರ ಹಿಡಿದ ಜನ ತಾವಾಗಿ ಬಂದು ಸೇರುತ್ತಾರೆ. ಹತ್ತನೇ ಮಟ್ಟದ ಕಳ್ಳನಿಗೆ ಕಳ್ಳರದ್ದೇ ಒಂದು ಸಂಘ. ಫಾಲೋವರ್ ಅಂದರೆ ಇವರೇ. ಕೆಲಸಕ್ಕೆ ಜನ ಹುಡುಕಿ ಸಾಕಾದವರಿಗೆ ಇದೇ ನಿಜವಾದ ಫ್ಯಾಂಟಸಿ.

ಆಮೇಲೆ ಇದೆಲ್ಲಾ ತೆಳುವಾಗುತ್ತಾ ಬಂತು. ಆಟಗಾರರ ಪಾತ್ರಗಳು ಮೊದಲ ದಿನದಿಂದಲೇ ಗಟ್ಟಿಯಾದವು, ಪ್ರತಿ ಹೊಡೆದಾಟದಲ್ಲಿ ಒಬ್ಬೊಬ್ಬರ ಸರದಿ ಉದ್ದವಾಯಿತು, ಮೇಜಿನಲ್ಲಿ ಇನ್ನೂ ಆರು ಜನ ಹೆಚ್ಚಾದರೆ ಒಂದು ಜಗಳಕ್ಕೆ ಇಡೀ ಸಂಜೆ ಬೇಕು. 2000ದ ಮೂರನೇ ಆವೃತ್ತಿಯಲ್ಲಿ ಲೀಡರ್‌ಶಿಪ್ ಅನ್ನುವ ಒಂದು ವಿಶೇಷ ವಿದ್ಯೆ ಮಾಡಿದರು, ಆರನೇ ಮಟ್ಟದಿಂದ ಮೇಲೆ ತೆಗೆದುಕೊಂಡರೆ ಒಬ್ಬ ಜೊತೆಗಾರ ಮತ್ತು ಹಿಂಬಾಲಕರು. ಜನ ಸಂಪಾದಿಸುವುದು ಆಟದೊಳಗಿನ ಕೆಲಸ ಆಗಿದ್ದದ್ದು ಕಾಗದದ ಮೇಲಿನ ಆಯ್ಕೆ ಆಯಿತು. 2014ರಲ್ಲಿ ಇನ್ನೂ ಸರಳ: ಕಸುಬು ಗೊತ್ತಿಲ್ಲದವನಿಗೆ ದಿನಕ್ಕೆ 2 ಬೆಳ್ಳಿ ನಾಣ್ಯ, ಗೊತ್ತಿರುವವನಿಗೆ 2 ಚಿನ್ನ, ಅಂದರೆ ಹತ್ತು ಪಟ್ಟು. 2019ರಿಂದ ಸೈಡ್‌ಕಿಕ್ ಅಂತ ಬಂತು, ಒಬ್ಬ ಜೊತೆಗಾರನಿಗೆ ಸುಲಭದ ನಿಯಮ. ಇಬ್ಬರೇ ಕೂತು ಆಡುವವರಿಗೆ ಅದು ನಿಜಕ್ಕೂ ಒಳ್ಳೆಯದು. 2024ರ ಪುಸ್ತಕದಲ್ಲಿ ಐದನೇ ಮಟ್ಟದಿಂದ ಬಾಸ್ಟಿಯನ್ ಅಂತ ನಿಮ್ಮದೇ ಮನೆ, ಅದರಲ್ಲಿ ಕೆಲಸದವರು, ಅವರ ಸಂಬಳ ಮನೆಯ ಆದಾಯದಿಂದಲೇ ಹೋಗುತ್ತದೆ, ನೀವು ಲೆಕ್ಕ ಇಡಬೇಕಾಗಿಲ್ಲ. ಕೇಳಲು ಚೆಂದ. ಕೆಲಸದವರ ಸಂಬಳದ ಲೆಕ್ಕ ಇಡದ ಮನೆ ನಮ್ಮ ಊರಲ್ಲಿ ನಾನು ನೋಡಿಲ್ಲ.

ನೀವು ಆಡಿಸುವವರಾದರೆ ನಾನು ಕಂಡುಕೊಂಡ ಕೆಲವು ಸಂಗತಿ. ಆಳಿಗೆ ಒಂದು ಪುಟ ಬರೆಯಬೇಡಿ. ಹೆಸರು, ಅವನಿಗೆ ಬೇಕಾದ ಒಂದು ಸಂಗತಿ, ಅವ ಹೆದರುವ ಒಂದು ಸಂಗತಿ, ಧೈರ್ಯದ ಅಂಕ, ಸಂಬಳ. ಬಸ್ ಟಿಕೆಟಿನ ಹಿಂದೆ ಹಿಡಿಸುವಷ್ಟು. ಚಂದುವಿಗೆ ಮಗಳ ಮದುವೆಗೆ ಹಣ ಬೇಕಿತ್ತು, ಇಲಿ ಕಂಡರೆ ಹೆದರಿಕೆ. ಸಂಬಳದ ಮಾತನ್ನು ಮೇಜಿನಲ್ಲಿ ಬಾಯಿಬಿಟ್ಟು ಆಡಿಸಿ, ಸತ್ತರೆ ಮನೆಯವರಿಗೆ ಏನು ಕೊಡುತ್ತೀರಿ ಅಂತ ಆಳಿನ ಬಾಯಿಂದಲೇ ಕೇಳಿಸಿ, ಆಟಗಾರರ ಮುಖ ನೋಡಬೇಕು ಆಗ. ಹೊಡೆದಾಟದಲ್ಲಿ ರಿಟೇನರ್‌ನ ದಾಳವನ್ನು ಆಟಗಾರರೇ ಹಾಕಲಿ, ನಿಮಗೆ ಕೆಲಸ ಕಡಿಮೆ. ಆದರೆ ಧೈರ್ಯದ ದಾಳ ಮಾತ್ರ ನಿಮ್ಮ ಕೈಯಲ್ಲಿರಲಿ, ಎಲ್ಲರ ಎದುರೇ ಹಾಕಿ. ಆಟಗಾರನ ಪಾತ್ರ ಸತ್ತರೆ ಅವನು ಸಂಜೆಯಿಡೀ ಹಪ್ಪಳ ತಿನ್ನುತ್ತಾ ಕೂರಬಾರದು, ಜೊತೆಯಲ್ಲಿದ್ದ ರಿಟೇನರ್‌ನನ್ನು ಅವನ ಕೈಗೆ ಕೊಡಿ. ಎಷ್ಟೋ ಒಳ್ಳೆಯ ಪಾತ್ರಗಳು ಹಾಗೆಯೇ ಹುಟ್ಟುತ್ತವೆ. ನಮ್ಮ ಯಕ್ಷಗಾನದ ಆಟಗಳಲ್ಲಿ ಚಾರಕನಾಗಿ ಬಂದ ಹಾಸ್ಯಗಾರ ರಾಜನಿಗಿಂತ ಜಾಸ್ತಿ ಚಪ್ಪಾಳೆ ತೆಗೆದುಕೊಂಡು ಹೋಗುತ್ತಾನಲ್ಲ, ಹಾಗೆ.

ಆ ಭಾನುವಾರ ಹೇಗೆ ಮುಗಿಯಿತು ಅಂದರೆ, ಕತ್ತಲೆಯಲ್ಲಿ ತಡಕಾಡಿ ಇಬ್ಬರು ಹೊರಗೆ ಬಂದರು, ಅದರಲ್ಲಿ ಭಾವನ ಮಂತ್ರವಾದಿ ಒಬ್ಬ. ಮುಂದಿನ ವಾರ ಅವರು ಚಂದುವಿನ ಮನೆ ಹುಡುಕಿಕೊಂಡು ಹೋದರು. ಬೈಯಲಿಕ್ಕೆ ಅಂತಲೇ ಹೋದದ್ದು. ಆದರೆ ಆ ಕೋಟೆಯ ದಾರಿ ಗೊತ್ತಿದ್ದ, ಜೀವಂತ ಇದ್ದ ಇನ್ನೊಬ್ಬ ಊರಲ್ಲಿ ಇರಲಿಲ್ಲ. ಚಂದು ಅಂಗಳದಲ್ಲಿ ಕೂತಿದ್ದ, ಏಳಲಿಲ್ಲ. ಭಾವ ಗಂಟಲು ಸರಿ ಮಾಡಿಕೊಂಡು ಎರಡು ಪಟ್ಟು ಸಂಬಳ ಅಂದ. ಆಮೇಲೆ ಕಾಲು ಪಾಲು ಅಂದ. ಒಳಗಿನಿಂದ ಅಮ್ಮ, "ಅರ್ಧ ಕೊಡು" ಅಂದರು. ಅರ್ಧ ಅಂದ. ನಾನು ದಾಳ ಹಾಕಿದೆ. ಒಂದು 4, ಒಂದು 3.

"ನೋಡುವ" ಅಂದೆ ನಾನು.